ಬೆಲ್ಲ, ಕಾಯಿಹಾಲು ಹಾಕಿದ ಸಿಹಿ ಬ್ರೆಡ್: ಮಾಡಿ ಗೊತ್ತಿದ್ದವರು ಹೇಳಿ

ಪೆರ್ಲದಿಂದ, ಕೇಳಿದವರು:
ಮೈದಾ 400 ಗ್ರಾಂ, ಸಕ್ಕರೆ 150 ಗ್ರಾಂ, ಹಾಲು, ಬೆಣ್ಣೆ, ಯೀಸ್ಟ್, ಒಂದು ಮೊಟ್ಟೆ. ನನಗೆ ಸಿಕ್ಕಿದ ಸಿಹಿ ಬ್ರೆಡ್ಡಿನ ಅಳತೆ ಇದು. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ, ಬಿಟ್ಟೆ. ಸಕ್ಕರೆ ಬದಲು ಅಷ್ಟೇ ಬೆಲ್ಲ, ಹಾಲಿನ ಬದಲು ಕಾಯಿಹಾಲು ಹಾಕಿದೆ. ಮೇಲೆ ಕಪ್ಪು, ಒಳಗೆ ಹಸಿ ಹಸಿ. ಏನು ಬದಲಿಸಲಿ?

ಬದಿಯಡ್ಕದಿಂದ:
ಅಕ್ಕ, ಬೆಲ್ಲ ಹಾಕಿದ್ದು ಸರಿಯೇ. ಅಳತೆ ಜಾಸ್ತಿ, ಅಷ್ಟೆ. ಸಿಹಿಯ ಅಳತೆ ಮೈದಾದ ತೂಕದ ಹತ್ತನೇ ಒಂದು ಪಾಲು ದಾಟಿತೆಂದರೆ ಯೀಸ್ಟ್ ನಿಧಾನವಾಗುತ್ತದೆ. ಹಿಟ್ಟಿನಲ್ಲಿರುವ ನೀರನ್ನು ಸಿಹಿಯೇ ಎಳೆದುಕೊಳ್ಳುತ್ತದೆ, ಯೀಸ್ಟಿಗೆ ಸಾಕಾಗುವುದಿಲ್ಲ. ನಿಮ್ಮದು ಮೂರನೇ ಒಂದು ಪಾಲಿಗಿಂತಲೂ ಹೆಚ್ಚಾಯಿತಲ್ವಾ?

ಹಿಟ್ಟಿಗೆ 60 ಗ್ರಾಂ ಬೆಲ್ಲ ಸಾಕು. ಅದೂ ಹತ್ತನೇ ಪಾಲಿಗಿಂತ ಸ್ವಲ್ಪ ಹೆಚ್ಚೇ, ಆದರೂ ನಿಧಾನವಾಗಿ ಉಬ್ಬುತ್ತದೆ. ಸ್ವಲ್ಪ ನೀರಲ್ಲಿ ಕರಗಿಸಿ ಸೋಸಿ. ಎಷ್ಟೋ ಬೆಲ್ಲದಲ್ಲಿ ಮರಳು ಇರುತ್ತದೆ. ಆ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ. ಉಗುರುಬೆಚ್ಚಗಾದ ಮೇಲೇ ಯೀಸ್ಟಿಗೆ ಸೇರಿಸಿ, 60 ಡಿಗ್ರಿ ಬಿಸಿಯಲ್ಲಿ ಅದು ಸತ್ತೇ ಹೋಗುತ್ತದೆ.

ಉಳಿದ ಬೆಲ್ಲ? ಹೂರಣಕ್ಕೆ! ಕಾಯಿತುರಿ, ಬೆಲ್ಲ, ಏಲಕ್ಕಿ. ಬಾಣಲೆಯ ತಳ ಬಿಟ್ಟು ಬರುವವರೆಗೆ ಕಾಯಿಸಿ. ನೀರು ನಿಂತಿದ್ದರೆ ಸುತ್ತಲಿನ ಹಿಟ್ಟು ಬೇಯುವುದಿಲ್ಲ. ಪೂರ್ತಿ ತಣಿದ ಮೇಲೆ ಲಟ್ಟಿಸಿದ ಹಿಟ್ಟಿನ ಮೇಲೆ ಹರಡಿ, ಅಂಚು ಬಿಟ್ಟು, ಚಾಪೆಯಂತೆ ಸುತ್ತಿ ಟಿನ್ನಿನಲ್ಲಿ ಇಡಿ. ಸಿಹಿ ನಾಲಿಗೆಗೆ ಸಿಗುತ್ತದೆ, ಯೀಸ್ಟಿಗೂ ತೊಂದರೆ ಇಲ್ಲ. ಇಷ್ಟು ಸಿಹಿ ಬೇಕೆನ್ನುವವರಿಗೆ ನನಗೆ ಕಾಣುವ ದಾರಿ ಇದೊಂದೇ.

ಉಪ್ಪಳದಿಂದ:
ಕಾಯಿಹಾಲಿನದ್ದು ನಾನು ಹೇಳ್ತೇನೆ. ತುರಿಯಿಂದ ಮೊದಲು ಹಿಂಡಿದ ಹಾಲಲ್ಲಿ ಜಿಡ್ಡು ಜಾಸ್ತಿ. ಅದನ್ನೇ ಹಾಕಿ, ಬೆಣ್ಣೆಯನ್ನೂ ಪೂರ್ತಿ ಹಾಕಿದರೆ ಬ್ರೆಡ್ ಭಾರವಾಗುತ್ತದೆ. ಅದೇ ತುರಿಗೆ ನೀರು ಹಾಕಿ ಮತ್ತೆ ಹಿಂಡಿದ ಎರಡನೇ ಹಾಲು ಹಾಕಿ. ಇಲ್ಲವೇ ಬೆಣ್ಣೆ ಅರ್ಧ ಮಾಡಿ. ಮೊಟ್ಟೆ ಬಿಟ್ಟಾಗ ಮೂರು ದೊಡ್ಡ ಚಮಚದಷ್ಟು ದ್ರವ ಕಡಿಮೆಯಾಗುತ್ತದೆ. ಆ ಜಾಗಕ್ಕೆ ಹುಳಿ ಇಲ್ಲದ ಮೊಸರು ನಡೆಯುತ್ತದೆ.

ಬದಿಯಡ್ಕದಿಂದ:
ಹಿಟ್ಟು ಕೈಗೆ ಸ್ವಲ್ಪ ಅಂಟಿದರೂ ಮೈದಾ ಸುರಿಯಬೇಡಿ. ನಾದುತ್ತಾ ಹೋದರೆ ಬಿಡುತ್ತದೆ.

ಮಂಜೇಶ್ವರದಿಂದ:
ಅದಕ್ಕೊಂದು ತಕರಾರು. ಆಟಿಯಲ್ಲಿ, ಅಂದರೆ ಜೋರು ಮಳೆಯ ತುಳು ತಿಂಗಳಲ್ಲಿ, ಡಬ್ಬದ ಮೈದಾಕ್ಕೇ ತೇವ ಹಿಡಿದಿರುತ್ತದೆ. ಆಗ ನಾದುತ್ತಲೇ ಕೂತರೂ ಕೈ ಬಿಡುವುದಿಲ್ಲ. ಹಾಲನ್ನು ಒಂದೇ ಸಲ ಸುರಿಯದೆ ಎರಡು ಮೂರು ಚಮಚ ಉಳಿಸಿಕೊಳ್ಳಿ, ಬೇಕಾದರೆ ಮಾತ್ರ ಹಾಕಿ.

ಇನ್ನು "ಒಂದು ಗಂಟೆ ಉಬ್ಬಲು ಬಿಡಿ" ಅನ್ನುವುದೆಲ್ಲ ಚಳಿ ಊರಿನವರ ಲೆಕ್ಕ. ಏಪ್ರಿಲಿನಲ್ಲಿ ನಮ್ಮಲ್ಲಿ ಗಂಟೆ ಬೇಕಾಗುವುದಿಲ್ಲ, ಮಳೆಗಾಲದಲ್ಲಿ ಬೆಲ್ಲದ ಹಿಟ್ಟಿಗೆ ಗಂಟೆ ಸಾಲುವುದಿಲ್ಲ. ಗಡಿಯಾರ ಬಿಟ್ಟು ಹಿಟ್ಟು ನೋಡಿ. ಟಿನ್ನಿನಲ್ಲಿ ಉಬ್ಬಿದ ಮೇಲೆ ಒದ್ದೆ ಬೆರಳಲ್ಲಿ ಮೆಲ್ಲ ಒತ್ತಿ. ಗುಳಿ ತಟ್ಟನೆ ತುಂಬಿದರೆ ಇನ್ನೂ ಆಗಿಲ್ಲ. ನಿಧಾನಕ್ಕೆ ಅರ್ಧ ಮೇಲೆ ಬಂದರೆ ಓವನ್ನಿಗೆ ಹಾಕಿ.

ಪೆರ್ಲದಿಂದ:
ಕಪ್ಪಾಗುವುದಕ್ಕೆ ಏನು ಮಾಡಲಿ? ನಾನು 200 ಡಿಗ್ರಿ ಇಟ್ಟಿದ್ದೆ.

ಉಪ್ಪಳದಿಂದ:
ಬೆಲ್ಲ ಬೇಗ ಕೆಂಪಾಗುತ್ತದೆ. 170ಕ್ಕೆ ಇಳಿಸಿ, ಕೆಳಗಿನ ತಟ್ಟೆಯಲ್ಲಿಡಿ. ಬಣ್ಣ ಬಂದ ಕೂಡಲೇ ಮೇಲೆ ಫಾಯಿಲ್ ಮುಚ್ಚಿ ಬೇಯಲು ಬಿಡಿ. ಟಿನ್ನಿಗೆ ಬಟರ್ ಪೇಪರ್ ಇಲ್ಲವೆಂದು ಪೇಟೆಗೆ ಓಡಬೇಡಿ. ಬಾಡಿಸಿದ ಬಾಳೆಲೆ ಹಾಕಿದರೆ ಬ್ರೆಡ್ ಅಂಟುವುದೂ ಇಲ್ಲ, ಪರಿಮಳವೂ ಬರುತ್ತದೆ. ಬಿಸಿ ಇರುವಾಗಲೇ ಕೊಯ್ಯಬೇಡಿ, ಚೆನ್ನಾಗಿ ಬೆಂದದ್ದೂ ಹಸಿ ಅನಿಸುತ್ತದೆ.

ಪೆರ್ಲದಿಂದ:
ಕಾಯಿ ಹೂರಣದ ಬದಲು ಹಲಸಿನ ಬೆರಟಿ ಆಗಬಹುದಾ? ಮನೆಯಲ್ಲಿ ಒಂದು ಭರಣಿ ಇದೆ.

ಬದಿಯಡ್ಕದಿಂದ:
ಧಾರಾಳ. ಬೆರಟಿಯನ್ನು ಮೊದಲೇ ಬತ್ತಿಸಿರುತ್ತಾರೆ, ಕಾಯಿಸುವ ಕೆಲಸವೂ ಉಳಿಯಿತು. ಗಟ್ಟಿ ಇದ್ದರೆ ಒಂದು ಚಮಚ ತುಪ್ಪ ಹಾಕಿ ಬಿಸಿ ಮಾಡಿ, ತಣಿಸಿ ತೆಳ್ಳಗೆ ಹರಡಿ. ಅದರಲ್ಲಿ ಬೆಲ್ಲ ಇದೆ, ಹಿಟ್ಟಿನ ಬೆಲ್ಲವನ್ನು 40 ಗ್ರಾಮಿಗೆ ಇಳಿಸಿದರೂ ನಡೆಯುತ್ತದೆ.