ಸಂಧಿವಾತದ ಗುಳಿಗಿ ನೋವಿಗಷ್ಟೇನೋ, ಎಲುಬನ್ನೂ ಉಳಿಸ್ತಾವೋ? (ಗುಂಪಿನ ಪ್ರಶ್ನೋತ್ತರ)

ಪ್ರಶ್ನೆ (ರೋಣದಿಂದ): ನಮ್ಮವ್ವಗ 47 ವರ್ಷ. ಒಂದೂವರೆ ವರ್ಷದ ಹಿಂದ ರುಮಟಾಯ್ಡ್ ಸಂಧಿವಾತ ಅಂತ ಹೇಳ್ಯಾರ, ಆಂಟಿ-ಸಿಸಿಪಿ (ಈ ಕಾಯಿಲಿ ಗುರುತಿಸೋ ರಕ್ತ ಪರೀಕ್ಷೆ) ಭಾಳ ಜಾಸ್ತಿ ಬಂದೈತಿ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ 10 ಮಿ.ಗ್ರಾಂ, ದಿನಾ ಹೈಡ್ರಾಕ್ಸಿಕ್ಲೋರೊಕ್ವಿನ್ 200, ಪ್ರೆಡ್ನಿಸೊಲೋನ್ (ಸ್ಟೆರಾಯ್ಡ್) 5 ನಡದಾವು. ನೋವು ರೂಪಾಯಿಗೆ ಹನ್ನೆರಡಾಣೆ ಕಡಿಮಿ ಆಗೈತಿ, ಮತ್ತ ರೊಟ್ಟಿ ಬಡಿಯಾಕ ಹತ್ಯಾಳ. ಆದ್ರ ಬಲಗೈ ಮಣಿಕಟ್ಟು, ಎರಡು ಬೆರಳಿನ ಬುಡ ಇನ್ನೂ ಉಬ್ಬಿದಂಗ ಕಾಣ್ತಾವು. ಮನಿಗೆ ಬಂದೋರು "ಇವು ನೋವು ಮುಚ್ಚೋ ಗುಳಿಗಿ, ಎಲುಬು ಸವಿಯೂದು ಸವೀತೈತಿ, ಲಿವರ್ ಬ್ಯಾರೆ ಹಾಳಾಗ್ತೈತಿ, ಬಿಡಸ್ರಿ" ಅಂತಾರ. ಇವು ಖರೇನ ಕೀಲು ಉಳಿಸ್ತಾವೇನ್ರಿ? ಎಷ್ಟರ ಮಟ್ಟಿಗೆ?

ಉತ್ತರ (ಸಂಧಿವಾತ ತಜ್ಞರು, ಹುಬ್ಬಳ್ಳಿ): ಉಳಿಸುತ್ತವೆ, ಬಿಡಿಸಬೇಡಿ. ಆದರೆ ನಿಮ್ಮ ತಾಯಿಯವರಿಗೆ ಈಗಿರುವ ಪ್ರಮಾಣ ಸಾಕಾಗಿಲ್ಲ. ನೋವು ಇಳಿದರೂ ಉಬ್ಬು ಇಳಿಯದಿರುವುದೇ ಅದಕ್ಕೆ ಗುರುತು.

ಈ ಕಾಯಿಲೆಯಲ್ಲಿ ಕೀಲಿನ ಒಳಪೊರೆ ಬಾತು ದಪ್ಪವಾಗಿ, ಮೆತ್ತೆಲುಬಿನ ಹೊದಿಕೆ ಇಲ್ಲದ ಅಂಚಿನಲ್ಲಿ ಎಲುಬಿನೊಳಗೆ ಇಳಿಯುತ್ತದೆ. ಅಲ್ಲಿ ಎಲುಬು ಕರಗಿಸುವ ಕೋಶಗಳನ್ನು ಕೆರಳಿಸಿ ಗುಳಿ ಬೀಳಿಸುತ್ತದೆ. ಎಕ್ಸ್‌ರೇಯಲ್ಲಿ ಅದು ಇಲಿ ಕಡಿದ ರೊಟ್ಟಿಯ ಅಂಚಿನಂತೆ ಕಾಣುತ್ತದೆ. ಒಮ್ಮೆ ಬಿದ್ದ ಗುಳಿ ತುಂಬಿಕೊಳ್ಳುವುದು ಅಪರೂಪ, ಬಹಳ ಜನರಿಗೆ ಈ ಹಾನಿ ಶುರುವಾಗುವುದು ಮೊದಲ 2 ವರ್ಷದಲ್ಲೇ. ಇದನ್ನು ನಡೆಸುವುದು ಬಾವು. ಹಾಗಾಗಿ ಔಷಧವನ್ನು ಅಳೆಯಬೇಕಾದ್ದು ಅದು ಬಾವನ್ನು ಎಷ್ಟು ಇಳಿಸಿತು ಅನ್ನುವುದರಿಂದ.

ಮನೆಗೆ ಬಂದವರ ಮಾತು ಡೈಕ್ಲೊಫೆನಾಕ್, ಎಟೊರಿಕಾಕ್ಸಿಬ್ ತರಹದ ನೋವಿನ ಗುಳಿಗೆಗಳಿಗೆ ಸರಿಹೋಗುತ್ತದೆ. ಅವು ನೋವು, ಬಿಗಿತ ಇಳಿಸುತ್ತವೆ, ಎಲುಬಿನ ಗುಳಿ ತಡೆಯುವುದಿಲ್ಲ. ಮೆಥೊಟ್ರೆಕ್ಸೇಟ್, ಲೆಫ್ಲುನೊಮೈಡ್, ಸಲ್ಫಾಸಲಜೀನ್ ತಡೆಯುತ್ತವೆ. ಹೈಡ್ರಾಕ್ಸಿಕ್ಲೋರೊಕ್ವಿನ್ ಒಂದನ್ನೇ ಕೊಟ್ಟರೆ ಎಲುಬಿನ ಮಟ್ಟಿಗೆ ಅದರ ಬಲ ಕಡಿಮೆ, ಜೋಡಿಯಾಗಿ ಒಳ್ಳೆಯದು.

ಎಷ್ಟರ ಮಟ್ಟಿಗೆ ಅಂದಿರಿ. 2004ರಲ್ಲಿ ಪ್ರಕಟವಾದ ಟೆಂಪೊ ಅಧ್ಯಯನದಲ್ಲಿ ಹಲವು ವರ್ಷ ಹಳೆಯ ಕಾಯಿಲೆಯ 682 ಜನರ ಕೈಕಾಲಿನ ಎಕ್ಸ್‌ರೇಗಳನ್ನು ಹೋಲಿಸಿದ್ದರು. ಒಂದು ವರ್ಷದಲ್ಲಿ ಹಾನಿ ಮುಂದುವರಿಯದೆ ಉಳಿದವರು ಮೆಥೊಟ್ರೆಕ್ಸೇಟ್ ಒಂದರಲ್ಲೇ ಶೇ. 57, ಎಟನರ್ಸೆಪ್ಟ್ ಅನ್ನುವ ಬಯಾಲಜಿಕ್ ಇಂಜೆಕ್ಷನ್ (ಬಾವು ಕೆರಳಿಸುವ ನಿರ್ದಿಷ್ಟ ಅಣುವನ್ನು ತಡೆಯುವ ಔಷಧ) ಒಂದರಲ್ಲೇ ಶೇ. 68, ಎರಡೂ ಸೇರಿದಾಗ ಶೇ. 80. ಅಲ್ಲಿ ಮೆಥೊಟ್ರೆಕ್ಸೇಟನ್ನು ವಾರಕ್ಕೆ 20 ಮಿ.ಗ್ರಾಂ ತನಕ ಏರಿಸಿದ್ದರು ಅನ್ನುವುದನ್ನು ಮರೆಯಬೇಡಿ. 10ರಲ್ಲೇ ನಿಲ್ಲಿಸಿ ಆ ಫಲ ನಿರೀಕ್ಷಿಸಲಾಗದು.

ಮುಂದಿನ ಭೇಟಿಯಲ್ಲಿ ನಿಮ್ಮ ವೈದ್ಯರ ಹತ್ತಿರ 28 ಕೀಲುಗಳ ಎಣಿಕೆ ಮಾಡಿಸಿ: ಭುಜ 2, ಮೊಣಕೈ 2, ಮಣಿಕಟ್ಟು 2, ಬೆರಳ ಬುಡದ ಗೆಣ್ಣು 10, ನಡುಗೆಣ್ಣು 10 (ಹೆಬ್ಬೆರಳಿನ ಗೆಣ್ಣೂ ಸೇರಿ), ಮೊಣಕಾಲು 2. ಒತ್ತಿದರೆ ನೋಯುವ ಕೀಲು ಎಷ್ಟು, ಬಾತ ಕೀಲು ಎಷ್ಟು, ಇವಕ್ಕೆ ರೋಗಿ 10ಕ್ಕೆ ಕೊಡುವ ಅಂಕ, ವೈದ್ಯರು 10ಕ್ಕೆ ಕೊಡುವ ಅಂಕ ಕೂಡಿಸಿದರೆ ಸಿಡಿಎಐ. 2.8ರೊಳಗಿದ್ದರೆ ಕಾಯಿಲೆ ತಣ್ಣಗಾಗಿದೆ, 10ರೊಳಗೆ ಅಲ್ಪ, 22ರವರೆಗೆ ಮಧ್ಯಮ, ಆಮೇಲೆ ತೀವ್ರ. ನಿಮ್ಮ ತಾಯಿಯವರಿಗೆ 3 ಕೀಲು ಬಾತಿವೆ. ನೋಯುವ ಕೀಲು 4, ಅಂಕ 3 ಮತ್ತು 3 ಅಂತ ಇಟ್ಟುಕೊಳ್ಳಿ, ಒಟ್ಟು 13 ಆಗುತ್ತದೆ. ಹನ್ನೆರಡಾಣೆ ನೋವು ಹೋದ ಮೇಲೂ ಕಾಯಿಲೆ ಮಧ್ಯಮ ಮಟ್ಟದಲ್ಲೇ ಇದ್ದಂತಾಯಿತು. ಈ ಎಣಿಕೆಯಲ್ಲಿ ಪಾದ ಬರುವುದಿಲ್ಲ. ಅದಕ್ಕೆ ಕಾಲ್ಬೆರಳ ಬುಡವನ್ನು ಎರಡೂ ಮಗ್ಗಲಿಂದ ಅಮುಕಿ ಬೇರೆಯಾಗಿ ನೋಡಬೇಕು.

ಮನೆಯಲ್ಲೂ ನೋಡಬಹುದು. ಮುಷ್ಟಿ ಕಟ್ಟಿದಾಗ ಬುಡದ ಗೆಣ್ಣುಗಳ ನಡುವೆ ತಗ್ಗು ಕಾಣಬೇಕು. ಆ ತಗ್ಗು ತುಂಬಿ ಸಪಾಟಾಗಿದ್ದರೆ, ಗೆಣ್ಣಿನ ಮಗ್ಗಲು ಒತ್ತಿದಾಗ ಗಟ್ಟಿ ಎಲುಬಿನ ಬದಲು ಮೆತ್ತಗೆ ತಗುಲಿದರೆ, ಅದು ಬಾವು.

ರಕ್ತ ಪರೀಕ್ಷೆ ಸರಿಯಿದ್ದರೆ ಪ್ರತಿ 2ರಿಂದ 4 ವಾರಕ್ಕೆ 2.5 ಅಥವಾ 5 ಮಿ.ಗ್ರಾಂನಂತೆ 20–25ರ ತನಕ ಏರಿಸುವುದು ರೂಢಿ. 15 ದಾಟಿದ ಮೇಲೆ ಬಾಯಿಂದ ಕೊಟ್ಟದ್ದು ಪೂರ್ತಿ ಮೈಗೆ ಹತ್ತುವುದಿಲ್ಲ. ಆಗ ಅದನ್ನೇ ಚರ್ಮದಡಿಯ ಇಂಜೆಕ್ಷನ್ನಾಗಿ ಕೊಟ್ಟರೆ ಫಲ ಹೆಚ್ಚು, ಹೊಟ್ಟೆ ತೊಳಸುವುದೂ ಕಡಿಮೆ. ಹಿಡಿತ ಕಾಣಲು 6ರಿಂದ 12 ವಾರ ಬೇಕು. 3 ತಿಂಗಳಲ್ಲಿ ಸುಧಾರಣೆ ಕಾಣದಿದ್ದರೆ, ಅಥವಾ 6 ತಿಂಗಳಲ್ಲಿ ಗುರಿ ಮುಟ್ಟದಿದ್ದರೆ, ಔಷಧ ಬದಲಿಸಬೇಕು ಇಲ್ಲವೇ ಇನ್ನೊಂದು ಸೇರಿಸಬೇಕು. "ಇರಲಿ ನೋಡೋಣ" ಅಂತ ಅದೇ ಚೀಟಿಯನ್ನು ವರ್ಷಗಟ್ಟಲೆ ಮುಂದುವರಿಸಿದರೆ ಕೀಲು ಕೈಬಿಡುತ್ತದೆ.

ಲಿವರ್ ಭಯಕ್ಕೆ ಉತ್ತರ ಪರೀಕ್ಷೆ. ಸಿಬಿಸಿ (ರಕ್ತಕಣಗಳ ಎಣಿಕೆ), ಎಎಲ್‌ಟಿ (ಲಿವರ್‌ಗೆ), ಕ್ರಿಯಾಟಿನಿನ್ (ಕಿಡ್ನಿಗೆ) ಮೊದಲ 3 ತಿಂಗಳು 2–4 ವಾರಕ್ಕೊಮ್ಮೆ, ಆಮೇಲೆ 8–12 ವಾರಕ್ಕೊಮ್ಮೆ, ಪ್ರಮಾಣ ಏರಿಸಿದಾಗ ಮತ್ತೆ ಹತ್ತಿರ ಹತ್ತಿರ. ಹುಬ್ಬಳ್ಳಿಯ ಕಿಮ್ಸ್‌ನಲ್ಲೂ ಗದಗದ ಜಿಮ್ಸ್‌ನಲ್ಲೂ ಇವು ಆಗುತ್ತವೆ. ಹೆಪಟೈಟಿಸ್ ಬಿ, ಸಿ ಪರೀಕ್ಷೆ ಶುರುವಿನಲ್ಲಿ ಆಗಿಲ್ಲದಿದ್ದರೆ ಈಗ ಮಾಡಿಸಿ. ಹೈಡ್ರಾಕ್ಸಿಕ್ಲೋರೊಕ್ವಿನ್‌ಗೆ ಮೊದಲ ವರ್ಷದೊಳಗೆ ಒಮ್ಮೆ, 5 ವರ್ಷದ ನಂತರ ಪ್ರತಿ ವರ್ಷ ಕಣ್ಣಿನ ಪರೀಕ್ಷೆ.

ಸೇರ್ಪಡೆ (ಫಾರ್ಮಾಸಿಸ್ಟ್, ಗದಗ): ಪ್ರಮಾಣ ಏರಿಸುವ ಮೊದಲು ಇದನ್ನು ಓದಿರಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೆ ಅಪಾಯ. ತಪ್ಪು ಆಗುವ ಜಾಗಗಳು ಗೊತ್ತಿರುವಂಥವೇ. ಚೀಟಿಯ ಮೇಲೆ ವಾರದ ಹೆಸರು ಬರೆದಿರುವುದಿಲ್ಲ. 2.5ರ ಗುಳಿಗೆ ನಾಲ್ಕು ತಗೊಳ್ಳುತ್ತಿದ್ದವರಿಗೆ 10ರ ಪಟ್ಟಿ ಸಿಕ್ಕಾಗ ಅದನ್ನೂ ನಾಲ್ಕು ನುಂಗುತ್ತಾರೆ. ಬಹಳ ಕಂಪನಿಗಳಲ್ಲಿ ಮೆಥೊಟ್ರೆಕ್ಸೇಟೂ, ಅದರ ಅಡ್ಡಪರಿಣಾಮ ತಗ್ಗಿಸಲು ಜೊತೆಗೆ ಕೊಡುವ ಫೋಲಿಕ್ ಆಸಿಡ್ಡೂ ಸಣ್ಣ ಹಳದಿ ಗುಳಿಗೆ, ಬಿಚ್ಚಿ ಒಂದೇ ಡಬ್ಬಿಗೆ ಹಾಕಿದರೆ ಅದಲುಬದಲಾಗುತ್ತದೆ. ಪಟ್ಟಿಯಲ್ಲೇ ಇರಲಿ, ಪಟ್ಟಿಯ ಮೇಲೆ ಪೆನ್ನಿನಿಂದ "ರವಿವಾರ ರಾತ್ರಿ ಮಾತ್ರ" ಅಂತ ಬರೆಯಿರಿ, ಫೋಲಿಕ್ ಆಸಿಡ್ 5 ಮಿ.ಗ್ರಾಂ ಪಟ್ಟಿಗೆ "ಮಂಗಳವಾರ" ಅಂತ.

ಬಾಯಿ ಹುಣ್ಣು, ಜ್ವರ, ಮೈಮೇಲೆ ರಕ್ತದ ಚುಕ್ಕೆ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ ಸಿಬಿಸಿ ಮಾಡಿಸಬೇಕು. ಹೆಚ್ಚು ನುಂಗಿದ್ದರೆ ಬೇಕಾಗುವುದು ಫೋಲಿನಿಕ್ ಆಸಿಡ್, ಅಂದರೆ ಲ್ಯೂಕೊವೊರಿನ್. ಮನೆಯ ಫೋಲಿಕ್ ಆಸಿಡ್ ಅದಕ್ಕೆ ಬದಲಿ ಅಲ್ಲ. ವಾಂತಿ-ಭೇದಿ ಆಗಿ ಮೈಯಲ್ಲಿ ನೀರು ಕಡಿಮೆಯಾದಾಗ, ಸೋಂಕಿಗೆ ಆಂಟಿಬಯೋಟಿಕ್ ನಡೆದಾಗ ಆ ವಾರದ ಡೋಸು ಬಿಟ್ಟು ವೈದ್ಯರಿಗೆ ತಿಳಿಸಿ. ಉರಿಮೂತ್ರಕ್ಕೆ ಕೊಡುವ ಕೋ-ಟ್ರೈಮೊಕ್ಸಜೋಲ್ ಇದರ ಜೊತೆ ಬೇಡವೇ ಬೇಡ, ರಕ್ತಕಣ ಕುಸಿಯುತ್ತವೆ. ಯಾವ ಅಂಗಡಿಯಲ್ಲಿ ಯಾವ ಗುಳಿಗೆ ಕೊಂಡರೂ "ಮೆಥೊಟ್ರೆಕ್ಸೇಟ್ ನಡದೈತಿ" ಅಂತ ಮೊದಲು ಹೇಳಬೇಕು.

ಪ್ರಶ್ನೆ (ಬ್ಯಾಡಗಿಯಿಂದ): ನಮ್ಮ ಓಣ್ಯಾಗ ಮೆಣಸಿನಕಾಯಿ ತುಂಬು ಬಿಡಿಸೋ ಹೆಣ್ಮಕ್ಕಳು ನಾಕೈದು ಮಂದಿ ಒಂದು ಹೆಸರಿಲ್ಲದ ಪುಡಿ ತಗೊಳ್ಳಾಕ ಹತ್ಯಾರ. ಎರಡ ದಿನದಾಗ ಕೈ ಹಗುರ ಆಗ್ತಾವಂತ. ಅಷ್ಟು ಚೊಲೋ ಕೆಲಸ ಮಾಡೋದು ಎಲುಬಿಗೂ ಚೊಲೋನ ಇರಬೇಕಲ್ರಿ?

ಉತ್ತರ (ಸಂಧಿವಾತ ತಜ್ಞರು): ಎರಡೇ ದಿನಕ್ಕೆ ಕೈ ಹಗುರಾಗಿಸಿ, ಬಿಟ್ಟ ಎರಡು-ಮೂರು ದಿನಕ್ಕೆ ನೋವು ದುಪ್ಪಟ್ಟು ಬಂದರೆ ಅದರಲ್ಲಿ ಸ್ಟೆರಾಯ್ಡ್ ಬೆರೆತಿರುವ ಅನುಮಾನ ಬಲವಾಗಿರಬೇಕು. ಮುಖ ಗುಂಡಗಾಗುವುದು, ತಟ್ಟಿದರೆ ಚರ್ಮ ನೀಲಿಗಟ್ಟುವುದು, ಶುಗರ್ ಮತ್ತು ಬಿಪಿ ಏರುವುದು ಉಳಿದ ಗುರುತು.

ಸ್ಟೆರಾಯ್ಡ್ ಎಲುಬಿನ ಗುಳಿ ತಡೆಯುವುದೇ ಇಲ್ಲ ಅನ್ನುವುದೂ ತಪ್ಪು. 1995ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ ಬೇರೆ ಔಷಧಗಳ ಜೊತೆ ದಿನಕ್ಕೆ 7.5 ಮಿ.ಗ್ರಾಂ ಪ್ರೆಡ್ನಿಸೊಲೋನ್ 2 ವರ್ಷ ಕೊಟ್ಟಾಗ ಗುಳಿ ಬೀಳುವುದು ಕಡಿಮೆಯಾಗಿತ್ತು. 2022ರಲ್ಲಿ ಪ್ರಕಟವಾದ ಗ್ಲೋರಿಯಾ ಅಧ್ಯಯನದಲ್ಲಿ 65 ದಾಟಿದವರಿಗೆ 5 ಮಿ.ಗ್ರಾಂ ಕೊಟ್ಟಾಗಲೂ ಹಾನಿ ತಗ್ಗಿತು, ಆದರೆ ಸೋಂಕು ಹೆಚ್ಚಿತು. ಅದಕ್ಕೇ ಸ್ಟೆರಾಯ್ಡನ್ನು ಮೆಥೊಟ್ರೆಕ್ಸೇಟ್ ಹಿಡಿತಕ್ಕೆ ಬರುವವರೆಗೆ ಅಷ್ಟೇ ಕೊಟ್ಟು, ಸುಮಾರು 3 ತಿಂಗಳಲ್ಲಿ ಇಳಿಸಿ ಬಿಡಿಸುವುದು ಇವತ್ತಿನ ಪದ್ಧತಿ. ಪುಡಿಯಲ್ಲಿ ಎಷ್ಟಿದೆ ಅಂತ ಗೊತ್ತಿಲ್ಲದ್ದರಿಂದ ಲೆಕ್ಕವೇ ಸಿಗುವುದಿಲ್ಲ. ದೊಡ್ಡ ಪ್ರಮಾಣ ಬಹಳ ಕಾಲ ನಡೆದರೆ ಇಡೀ ಮೈಯ ಎಲುಬು ಪೊಳ್ಳಾಗುತ್ತದೆ. ಆದರೂ ತಿಂಗಳುಗಟ್ಟಲೆ ತಗೊಂಡವರು ಒಮ್ಮೆಲೇ ನಿಲ್ಲಿಸಬಾರದು. ಮೈ ತನ್ನ ಸ್ಟೆರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಬಿಪಿ ಕುಸಿದು ಬೀಳಬಹುದು. ಪುಡಿಯ ಪೊಟ್ಟಣ ಕೈಯಲ್ಲೇ ಹಿಡಿದುಕೊಂಡು ಡಾಕ್ಟರ ಹತ್ತಿರ ಬರಲಿ, ಯಾರೂ ಬೈಯುವುದಿಲ್ಲ. ಆ ಹೆಣ್ಣುಮಕ್ಕಳ ಕೈಯೇ ಅವರ ದುಡಿಮೆ, ದಯವಿಟ್ಟು ಕಳಿಸಿಕೊಡಿ.

ಪ್ರಶ್ನೆ (ಧಾರವಾಡದಿಂದ): ಮೆಥೊಟ್ರೆಕ್ಸೇಟ್ 20ಕ್ಕೆ ಏರಿಸಿದರೂ ಬಾವು ಉಳಿದಿದೆ. ಬಯಾಲಜಿಕ್ ಇಂಜೆಕ್ಷನ್ ದುಬಾರಿ. ಅದಿಲ್ಲದೆ ಎಲುಬು ಉಳಿಯುವುದೇ ಇಲ್ಲವೇ?

ಉತ್ತರ (ಸಂಧಿವಾತ ತಜ್ಞರು): ದುಡ್ಡಿನ ಮಾತು ನಾಚಿಕೆಯದಲ್ಲ, ಮೊದಲ ದಿನವೇ ವೈದ್ಯರಿಗೆ ಹೇಳಿ. 2013ರ ರಾಕ್ಯಾಟ್ ಅಧ್ಯಯನ ಕೇಳಿದ್ದು ಇದನ್ನೇ. ಮೆಥೊಟ್ರೆಕ್ಸೇಟ್ ಸಾಲದ 353 ಜನರಲ್ಲಿ ಕೆಲವರಿಗೆ ಅದರ ಜೊತೆ ಸಲ್ಫಾಸಲಜೀನ್ ಮತ್ತು ಹೈಡ್ರಾಕ್ಸಿಕ್ಲೋರೊಕ್ವಿನ್ ಸೇರಿಸಿದರು, ಉಳಿದವರಿಗೆ ಎಟನರ್ಸೆಪ್ಟ್. ಫಲ ಇಲ್ಲದವರನ್ನು 24ನೇ ವಾರಕ್ಕೆ ಆಚೆಯಿಂದ ಈಚೆಗೆ ಬದಲಿಸಿದರು. 48 ವಾರಕ್ಕೆ ಮೂರು ಗುಳಿಗೆಯ ದಾರಿ ಇಂಜೆಕ್ಷನ್ ದಾರಿಗಿಂತ ಹಿಂದೆ ಬೀಳಲಿಲ್ಲ, ಎಕ್ಸ್‌ರೇಯಲ್ಲೂ ಗಣನೀಯ ವ್ಯತ್ಯಾಸ ಇರಲಿಲ್ಲ. ಸಲ್ಫಾಸಲಜೀನ್ ದಿನಕ್ಕೆ 500 ಮಿ.ಗ್ರಾಂನಿಂದ ಶುರು ಮಾಡಿ ವಾರವಾರ ಏರಿಸಿ 2 ಗ್ರಾಂ ಮುಟ್ಟಬೇಕು. ಸಲ್ಫಾ ಅಲರ್ಜಿ ಇದ್ದವರಿಗೆ ಬೇಡ.

ಇದಕ್ಕೂ ಬಗ್ಗದಿದ್ದರೆ, ಅದರಲ್ಲೂ ಈಗಾಗಲೇ ಗುಳಿ ಬಿದ್ದು ಆಂಟಿ-ಸಿಸಿಪಿ, ಸಿಆರ್‌ಪಿ (ರಕ್ತದಲ್ಲಿ ಬಾವಿನ ಅಳತೆ) ಎರಡೂ ಹೆಚ್ಚಿದ್ದರೆ, ಇಂಜೆಕ್ಷನ್ ಮುಂದೂಡಬಾರದು. 2006ರ ಪ್ರೀಮಿಯರ್ ಅಧ್ಯಯನದಲ್ಲಿ ಹೊಸದಾಗಿ ಶುರುವಾದ ತೀವ್ರ ಕಾಯಿಲೆಯವರ ಎಕ್ಸ್‌ರೇ ಅಂಕ (ಹೆಚ್ಚಾದಷ್ಟೂ ಕೀಲಿನ ಹಾನಿ ಹೆಚ್ಚು) 2 ವರ್ಷದಲ್ಲಿ ಸರಾಸರಿ ಏರಿದ್ದು ಮೆಥೊಟ್ರೆಕ್ಸೇಟ್ ಒಂದರಲ್ಲಿ 10.4, ಅಡಲಿಮುಮ್ಯಾಬ್ ಇಂಜೆಕ್ಷನ್ ಒಂದರಲ್ಲಿ 5.5, ಎರಡೂ ಸೇರಿದಾಗ 1.9. ಅಂದರೆ ಇಂಜೆಕ್ಷನ್ ಬಂತು ಅಂತ ಮೆಥೊಟ್ರೆಕ್ಸೇಟ್ ಬಿಟ್ಟರೆ ನಷ್ಟ ನಿಮ್ಮದೇ.

ಇಂಜೆಕ್ಷನ್ ಶುರು ಮಾಡುವ ಮುಂಚೆ ಎದೆಯ ಎಕ್ಸ್‌ರೇ, ಟಿಬಿ ಪತ್ತೆಯ ಮ್ಯಾಂಟೂ ಅಥವಾ ಇಗ್ರಾ ಪರೀಕ್ಷೆ ಬಿಡಬೇಡಿ. ಮೈಯಲ್ಲಿ ಮಲಗಿರುವ ಟಿಬಿಯನ್ನು ಈ ಇಂಜೆಕ್ಷನ್ ಎಬ್ಬಿಸುತ್ತದೆ. ಅಡಗಿದ ಟಿಬಿ ಕಂಡರೆ ಅದರ ಔಷಧ ಕನಿಷ್ಠ ಒಂದು ತಿಂಗಳು ನಡೆದ ಮೇಲೆ ಇಂಜೆಕ್ಷನ್. ಟೊಫಾಸಿಟಿನಿಬ್ ಗುಳಿಗೆ ಈಗ ಭಾರತೀಯ ಕಂಪನಿಗಳದ್ದೂ ಸಿಗುತ್ತದೆ, ಎಲುಬಿನ ಹಾನಿಯನ್ನೂ ತಡೆಯುತ್ತದೆ. ಆದರೆ 50 ದಾಟಿದವರಲ್ಲಿ ಬಿಪಿ, ಶುಗರ್, ಧೂಮಪಾನ ಇದ್ದರೆ ಹೃದಯಾಘಾತ ಮತ್ತು ಕ್ಯಾನ್ಸರ್ ಅಪಾಯ ಹೆಚ್ಚೆಂದು ಕಂಡದ್ದರಿಂದ ಅವರಿಗೆ ಅದು ಮೊದಲ ಆಯ್ಕೆ ಅಲ್ಲ. ಟಿಬಿ ಪರೀಕ್ಷೆ ಅದಕ್ಕೂ ಬೇಕು. ಬೀಡಿ-ಸಿಗರೇಟ್ ಬಿಡುವುದೂ ಚಿಕಿತ್ಸೆಯ ಭಾಗ, ಸೇದುವವರಿಗೆ ಔಷಧ ಹತ್ತುವುದೇ ಕಡಿಮೆ.

ಪ್ರಶ್ನೆ (ರಾಣೆಬೆನ್ನೂರು): ತಂಗಿಗೆ 26, ಇದೇ ಕಾಯಿಲೆ, ಮದುವೆ ಗೊತ್ತಾಗೈತಿ. ಎಲ್ಲಾ ಗುಳಿಗಿ ನಿಲ್ಲಿಸಬೇಕೇನ್ರಿ?

ಉತ್ತರ (ಸಂಧಿವಾತ ತಜ್ಞರು): ನಿಲ್ಲಿಸಬಾರದು, ಬದಲಿಸಬೇಕು. ಗರ್ಭ ಬಯಸುವ 3 ತಿಂಗಳ ಮೊದಲೇ ಮೆಥೊಟ್ರೆಕ್ಸೇಟ್ ಬಿಡಿಸುತ್ತೇವೆ, ಅಲ್ಲಿಯವರೆಗೆ ಗರ್ಭನಿರೋಧಕ ಕಡ್ಡಾಯ. ಲೆಫ್ಲುನೊಮೈಡ್ ಮೈಯಲ್ಲಿ 2 ವರ್ಷದವರೆಗೂ ಉಳಿಯಬಹುದು, ಅದನ್ನು ಕೊಲೆಸ್ಟಿರಮೈನ್ 8 ಗ್ರಾಂ ದಿನಕ್ಕೆ ಮೂರು ಸಲ 11 ದಿನ ಕೊಟ್ಟು ಹೊರಹಾಕಬೇಕು. ಹೈಡ್ರಾಕ್ಸಿಕ್ಲೋರೊಕ್ವಿನ್, ಫೋಲಿಕ್ ಆಸಿಡ್ ಜೊತೆಗೆ ಸಲ್ಫಾಸಲಜೀನ್ ಬಸಿರಲ್ಲೂ ನಡೆಯುತ್ತವೆ.

ಪ್ರಶ್ನೆ (ಕುಂದಗೋಳ): ಬೆನ್ನೆಲುಬಿನ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ಗೂ ಮೆಥೊಟ್ರೆಕ್ಸೇಟ್ ನಡೀತೈತೇನು?

ಉತ್ತರ (ಸಂಧಿವಾತ ತಜ್ಞರು): ಬೆನ್ನಿಗೆ ಉಪಯೋಗ ಇಲ್ಲ. ಅಲ್ಲಿ ನೋವಿನ ಗುಳಿಗೆಯೇ ಮೊದಲ ಔಷಧ, ಜೊತೆಗೆ ದಿನಾ ವ್ಯಾಯಾಮ. ಅದಕ್ಕೆ ಬಗ್ಗದಿದ್ದರೆ ಬಯಾಲಜಿಕ್.

ಪ್ರಶ್ನೆ (ರೋಣ, ಮೊದಲು ಕೇಳಿದವರು): ಡೋಸ್ ಏರಿಸೋ ಬಗ್ಗೆ ಡಾಕ್ಟರ್ ಹತ್ರ ಮಾತಾಡ್ತೀವ್ರಿ. ಎಕ್ಸ್‌ರೇ ಎಷ್ಟು ದಿನಕ್ಕೊಮ್ಮೆ ತಗಸ್ಬೇಕು? ಪೂರ್ತಿ ಆರಾಮಾದ ಮ್ಯಾಲೆ ಗುಳಿಗಿ ಬಿಡಬಹುದೇನು?

ಉತ್ತರ (ಸಂಧಿವಾತ ತಜ್ಞರು): ಈಗೊಮ್ಮೆ, ಆಮೇಲೆ ಮೊದಲ ಕೆಲವು ವರ್ಷ ವರ್ಷಕ್ಕೊಮ್ಮೆ ಸಾಕು. ಎರಡೂ ಕೈ, ಎರಡೂ ಪಾದ ತೆಗೆಸಿ. ಕೈ ಮಾತ್ರ ತೆಗೆದು ಕಳಿಸುವುದು ಸಾಮಾನ್ಯ ತಪ್ಪು, ಪಾದದಲ್ಲಿ, ಅದರಲ್ಲೂ ಕಿರುಬೆರಳ ಬುಡದಲ್ಲಿ, ಗುಳಿ ಎಷ್ಟೋ ಸಲ ಕೈಗಿಂತ ಮುಂಚೆ ಬೀಳುತ್ತದೆ. ಹಳೆಯ ಫಿಲ್ಮು ಅಥವಾ ಸಿಡಿ ಕಾಯ್ದಿಡಿ, ಹೋಲಿಕೆ ಇಲ್ಲದೆ ಹೊಸದು ಅರ್ಧ ಮಾತಷ್ಟೇ ಹೇಳುತ್ತದೆ. ಫಿಲ್ಮನ್ನು ಕಿಟಕಿಗೆ ಹಿಡಿದು ತೆಗೆದ ಮೊಬೈಲ್ ಫೋಟೋದಲ್ಲಿ ಸಣ್ಣ ಗುಳಿ ಕಾಣುವುದಿಲ್ಲ.

ಬಿಡುವ ವಿಷಯದಲ್ಲಿ ಕ್ರಮ ಇದೆ: ಮೊದಲು ಸ್ಟೆರಾಯ್ಡ್ ಪೂರ್ತಿ ಇಳಿಯಬೇಕು. ಆಮೇಲೂ ಕನಿಷ್ಠ 6 ತಿಂಗಳು ಸಿಡಿಎಐ ತಣ್ಣಗಿದ್ದರೆ ಮೆಥೊಟ್ರೆಕ್ಸೇಟ್ ಪ್ರಮಾಣವನ್ನು ನಿಧಾನಕ್ಕೆ ತಗ್ಗಿಸಬಹುದು. ಪೂರ್ತಿ ನಿಲ್ಲಿಸಿದವರಲ್ಲಿ ಬಹಳ ಜನರಿಗೆ ಕಾಯಿಲೆ ಮರಳುತ್ತದೆ, ಆಂಟಿ-ಸಿಸಿಪಿ ಹೆಚ್ಚಿರುವ ನಿಮ್ಮ ತಾಯಿಯಂಥವರಲ್ಲಿ ಇನ್ನೂ ಹೆಚ್ಚು. ಹಾಗಾಗಿ ಚಿಕ್ಕ ಪ್ರಮಾಣವನ್ನಾದರೂ ಉಳಿಸಿಕೊಳ್ಳಿ. ಇಳಿಸುವ ಕಾಲದಲ್ಲಿ 3 ತಿಂಗಳಿಗೊಮ್ಮೆ 28 ಕೀಲು ಎಣಿಸಲಿ, ಒಂದೇ ಗೆಣ್ಣು ಮತ್ತೆ ಮೆತ್ತಗಾದರೂ ಹಿಂದಿನ ಪ್ರಮಾಣಕ್ಕೆ ಹೋಗಬೇಕು.