ತೊಟ್ಟಿಯ ಮೇಲೆ ಯಾವ ಗಾಜು ಹಾಕಿಸಲಿ?

ತೀರ್ಥಹಳ್ಳಿಯ ಹತ್ತಿರದ ನಮ್ಮ ಹಳೆಯ ಹೆಂಚಿನ ಮನೆ ದುರಸ್ತಿಯಾಗುತ್ತಿದೆ. ಮನೆಯ ನಡುವಿನ ತೆರೆದ ತೊಟ್ಟಿಯ ಮೇಲೆ ಗಾಜು ಹೊದಿಸಬೇಕು. ಮೆಟ್ಟಿಲಿನ ಕಟಾಂಜನ, ಬಚ್ಚಲಿನ ಬೆಳಕಿಂಡಿ, ಜಗಲಿಯ ಕಿಟಕಿಗಳೂ ಬಾಕಿ ಇವೆ. ಅಂಗಡಿಯವರು ‘ಎಲ್ಲಕ್ಕೂ ಟಫನ್ಡ್ ಹಾಕಿಸಿಬಿಡಿ’ ಎನ್ನುತ್ತಾರೆ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜು. ಹಾಕಿಸಿ ನೋಡಿದವರು ದಯವಿಟ್ಟು ತಿಳಿಸಿ.

ಸಾಗರದಿಂದ:
ತೊಟ್ಟಿಗೆ ಬರೀ ಟಫನ್ಡ್ ಬೇಡ ಮಾರಾಯರೇ, ನಾವು ಹಾಕಿಸಿ ಅನುಭವಿಸಿದ್ದೇವೆ. 10 ಎಂಎಂ ಗಾಜು, ಮೊದಲ ಮಳೆಗಾಲವನ್ನು ಗಟ್ಟಿಯಾಗಿಯೇ ಕಳೆಯಿತು. ಮರುವರ್ಷ ಒಂದು ಮಧ್ಯಾಹ್ನ ಮಂಗಗಳು ಕಿತ್ತೆಸೆದ ಎಳನೀರು ಗಾಜಿನ ಅಂಚಿಗೆ ಬಡಿಯಿತು. ಇಡೀ ಗಾಜು ಕಲ್ಲುಪ್ಪಿನಂತಾಗಿ ತೊಟ್ಟಿಯೊಳಗೆ ಸುರಿಯಿತು. ಅತ್ತೆಯವರು ಆಗಷ್ಟೇ ತುಳಸಿಗೆ ನೀರು ಹಾಕಿ ಒಳಗೆ ಹೋಗಿದ್ದರು. ಚೂರುಗಳು ಮೊಂಡಾಗಿರುತ್ತವೆ, ಸಾದಾ ಗಾಜಿನಂತೆ ಕೊಯ್ಯುವುದಿಲ್ಲ ಎನ್ನುವುದು ನಿಜ. ಆದರೆ 10 ಎಂಎಂ ಗಾಜು ಚದರ ಮೀಟರಿಗೆ 25 ಕಿಲೊ ತೂಗುತ್ತದೆ. ಅದರಲ್ಲಿ ಕಾಲು ಭಾಗ ಹೆಂಟೆಯಾಗಿ ತಲೆಯ ಮೇಲೆ ಬಿದ್ದರೂ ಸಾಕಲ್ಲ!

ಈಗ ಲ್ಯಾಮಿನೇಟೆಡ್ ಇದೆ. ಎರಡು ಗಾಜುಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ; ಒಡೆದರೂ ಚೂರುಗಳು ಅದಕ್ಕೇ ಕಚ್ಚಿಕೊಂಡಿರುತ್ತವೆ. ದುಡ್ಡು ಜಾಸ್ತಿಯಾಯಿತು, ನಿದ್ದೆ ಬರುತ್ತಿದೆ. ಇಳಿಜಾರು ಮಾತ್ರ ಚೆನ್ನಾಗಿ ಕೊಡಿಸಿ. ಸಪಾಟಾಗಿ ಕೂರಿಸಿದರೆ ಎಲೆ, ಕಸ ನಿಂತು ಶ್ರಾವಣದ ಹೊತ್ತಿಗೆ ಗಾಜಿನ ಮೇಲೆ ಪಾಚಿಯ ತೋಟ.

ಶಿವಮೊಗ್ಗದಿಂದ, ಗಾಜಿನ ಕೆಲಸ ಮಾಡುವವನು:
ಮೇಲಿನವರು ಹೇಳಿದ್ದು ಸರಿ. ಟಫನ್ಡ್ ಎಂದರೆ ಸಾದಾ ಗಾಜನ್ನೇ 600 ಡಿಗ್ರಿಗೂ ಮೇಲೆ ಕಾಯಿಸಿ, ಜೋರಾದ ಗಾಳಿಯಿಂದ ಥಟ್ಟನೆ ತಣಿಸಿದ್ದು. ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ, ಅಂಚು ಮಾತ್ರ ಅದರ ಮರ್ಮಸ್ಥಾನ. ಒಮ್ಮೆ ಟಫನ್ ಆದ ಮೇಲೆ ಕತ್ತರಿಸಲೂ ಆಗದು, ತೂತು ಕೊರೆಯಲೂ ಆಗದು. ಹಳೆಯ ಮನೆಯ ಚೌಕಟ್ಟುಗಳು ಮೂಲೆಮಟ್ಟಕ್ಕೆ ಕೂರುವುದು ಅಪರೂಪ. ಉದ್ದ, ಅಗಲ ಅಷ್ಟೇ ಬರೆದುಕೊಂಡು ಹೋಗುವವರಿಗೆ ಕೆಲಸ ಕೊಡಬೇಡಿ. ಮೂಲೆಯಿಂದ ಎದುರು ಮೂಲೆಗೆ ಎರಡೂ ಕರ್ಣ ಅಳೆಯಬೇಕು. ಕಾಲಿಂಚು ಹೆಚ್ಚಾದರೆ ಆ ಗಾಜು ನನ್ನ ಅಂಗಡಿಯ ಗೋಡೆಗೆ ಒರಗಿ ನಿಲ್ಲಬೇಕಷ್ಟೆ, ಈಗಲೂ ಮೂರು ನಿಂತಿವೆ.

ಲ್ಯಾಮಿನೇಟೆಡ್ ಗಾಜಿಗೆ ನಮ್ಮ ಮಳೆಯೇ ಶತ್ರು. ಅಂಚಿನಲ್ಲಿ ನೀರು ನಿಂತರೆ ಪದರ ಬಿಟ್ಟು ಬೆಳ್ಳಗಾಗುತ್ತದೆ. ಹುಳಿ ವಾಸನೆ ಬರುವ ಅಗ್ಗದ ಸಿಲಿಕಾನ್ ಅಂಟನ್ನು ಅದಕ್ಕೆ ಮೆತ್ತಲು ಬಿಡಬೇಡಿ, ನ್ಯೂಟ್ರಲ್ ಸಿಲಿಕಾನ್ ಎಂದೇ ಕೇಳಿ. ಕನ್ನಡಿಯ ಬೆನ್ನಿಗೂ ಅದೇ ಮಾತು. ಮೆಟ್ಟಿಲಿನ ಕಟಾಂಜನಕ್ಕೆ ಟಫನ್ಡ್ ಗಾಜುಗಳನ್ನೇ ಲ್ಯಾಮಿನೇಟ್ ಮಾಡಿದ್ದು ಒಳ್ಳೆಯದು. ಇನ್ನೊಂದು ಮಾತು: ಗಾಜು ತರಿಸಿ ಜಗಲಿಯಲ್ಲಿ ತಿಂಗಳುಗಟ್ಟಲೆ ಒಂದಕ್ಕೊಂದು ಅಂಟಿಸಿ ಇಡಬೇಡಿ. ಎರಚಲು ನೀರು ನಡುವೆ ಸೇರಿದರೆ ಕಾಮನಬಿಲ್ಲಿನ ಬಣ್ಣದ ಕಲೆ ಏಳುತ್ತದೆ, ಉಜ್ಜಿದರೂ ಹೋಗದು.

ಹೊಸನಗರದಿಂದ:
ಜಗಲಿಯ ಕಿಟಕಿಗೆ 5 ಎಂಎಂ ಸಾದಾ ಗಾಜು ಧಾರಾಳ ಸಾಕು. ನಾವು ಪೇಟೆಯ ಮನೆ ನೋಡಿ ಕನ್ನಡಿಯಂತೆ ಹೊಳೆಯುವ ಕಪ್ಪು ಗಾಜು ಹಾಕಿಸಿದೆವು. ಜುಲೈನಲ್ಲಿ ಹಗಲು ಹನ್ನೆರಡಕ್ಕೇ ದೀಪ ಹಾಕಬೇಕು. ಸಾಲದ್ದಕ್ಕೆ ಒಂದು ಸೂರಕ್ಕಿ ತನ್ನ ಪ್ರತಿಬಿಂಬವನ್ನೇ ವೈರಿ ಎಂದುಕೊಂಡು ಬೆಳಗಿನಿಂದ ಕುಟ್ಟುತ್ತದೆ.

ಬಚ್ಚಲಿಗೆ ಮಸುಕು ಗಾಜು ಹಾಕಿಸುವಾಗ ಒರಟು ಮುಖ ಹೊರಗಿರಲಿ, ಎರಚಲು ಬಡಿಯದಂತೆ ಮೇಲೊಂದು ಸಜ್ಜಾ ಇರಲಿ. ಒರಟು ಮುಖ ಒದ್ದೆಯಾದರೆ ಆಚೆಯದು ಕಾಣತೊಡಗುತ್ತದೆ. ನಮಗೆ ಇದು ಗೊತ್ತಾದದ್ದು ನೆಂಟರು ಬಂದ ದಿನ.

ಆಗುಂಬೆ ಕಡೆಯಿಂದ:
ತೊಟ್ಟಿಯನ್ನು ಪೂರ್ತಿ ಮುಚ್ಚಲೇಬೇಕೇ? ಮುಚ್ಚುವುದಾದರೆ ಸುತ್ತ ಒಂದು ಅಡಿ ಎತ್ತರಿಸಿ ಗಾಳಿಗೆ ಜಾಗ ಬಿಡಿ. ಇಲ್ಲವಾದರೆ ಮಾರ್ಚಿನಲ್ಲಿ ಬೇಯುತ್ತೀರಿ, ಮಳೆಗಾಲದಲ್ಲಿ ಬಟ್ಟೆಬರೆಗೆಲ್ಲ ಬೂಸ್ಟು. ಅಡುಗೆಮನೆಯ ಕತ್ತಲೆಗೆ ನಾಲ್ಕು ಗಾಜಿನ ಹೆಂಚು ಸಾಕು, ಹೆಂಚು ಕೂರುವ ರೀಪನ್ನು ಮುಟ್ಟುವ ಕೆಲಸವೂ ಇಲ್ಲ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಲ್ಯಾಮಿನೇಟೆಡ್ ಎಂದು ತೀರ್ಮಾನಿಸಿದೆವು, ಸುತ್ತ ಗಾಳಿಗೂ ಜಾಗ ಬಿಡುತ್ತೇವೆ. ಇವತ್ತು ಬಡಗಿಯನ್ನು ಕರೆದು ಕರ್ಣ ಅಳೆಯಿಸಿದೆ, ಒಂದೂವರೆ ಇಂಚು ವ್ಯತ್ಯಾಸ. ಅಂದಹಾಗೆ ನಮ್ಮ ಅಂಗಳದಲ್ಲೂ ಒಂದು ತೆಂಗಿನ ಮರವಿದೆ, ತೊಟ್ಟಿಯ ಕಡೆಗೇ ವಾಲಿದೆ.