ಮೊರೇನ್ ಮಾದರಿ: ದಿಬ್ಬ ಏಳುತ್ತಿಲ್ಲ, ಜಲ್ಲಿ ಕೆಳಗೆ ಜೇಡಿ ಮೇಲೆ ಪದರ ಕಟ್ಟುತ್ತಿದೆ

ಪ್ರಶ್ನೆ:
ಹಿಮನದಿಯ ಮಾದರಿ ಮಾಡುತ್ತಿದ್ದೇನೆ. ಉದ್ದನೆಯ ಡಬ್ಬಿಯಲ್ಲಿ ನೀರು, ಜಲ್ಲಿ, ಮರಳು, ಜೇಡಿಮಣ್ಣು ಕಲಸಿ ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿಸುತ್ತೇನೆ. ಆಮೇಲೆ ಓರೆಯಾಗಿಟ್ಟ ಟ್ರೇ ಮೇಲೆ ಕರಗಲು ಬಿಡುತ್ತೇನೆ. ಮುಂದುಗಡೆ ಮೊರೇನ್ ದಿಬ್ಬ (ಹಿಮನದಿ ಹೊತ್ತು ತಂದು ಇಳಿಸಿದ ಕಲ್ಲುಮಣ್ಣಿನ ರಾಶಿ) ಏಳಬೇಕು, ಅದರೊಳಗೆ ದಪ್ಪ ಸಣ್ಣ ಎಲ್ಲ ಬೆರೆತಿರಬೇಕು ಅಲ್ವಾ? ನನಗೆ ಸಿಗುತ್ತಿರುವುದು ಚಪ್ಪಟೆ ಹಾಸು. ಕೊಯ್ದು ನೋಡಿದರೆ ಅಡಿಗೆ ಜಲ್ಲಿ, ನಡುವೆ ಮರಳು, ಮೇಲೆ ಜೇಡಿಯ ತೆಳು ಪದರ. ಮಣ್ಣಿನ ಪ್ರಮಾಣ ಬದಲಿಸಿದೆ, ಟ್ರೇ ಇನ್ನಷ್ಟು ಓರೆ ಮಾಡಿದೆ. ಅದೇ ಕಥೆ.

ಉತ್ತರ:
ಪ್ರಮಾಣ ಬದಲಿಸಿ ಲಾಭವಿಲ್ಲ. ದಪ್ಪ, ಸಣ್ಣ ಅಂತ ಬೇರ್ಪಡಿಸುವುದು ನೀರು. ಮಂಜುಗಡ್ಡೆಗೆ ಆ ಭೇದ ಇಲ್ಲ. ಬಂಡೆಯನ್ನೂ ಹಿಟ್ಟಿನಂಥ ಪುಡಿಯನ್ನೂ ಒಟ್ಟಿಗೇ ಹೊತ್ತು ತಂದು ಒಟ್ಟಿಗೇ ಇಳಿಸುತ್ತದೆ. ಹಾಗೆ ಇಳಿದ ಬೆರಕೆ ರಾಶಿಯೇ ಟಿಲ್. ನೀರಿನಲ್ಲಿ ಹಾಗಲ್ಲ: ಜಲ್ಲಿ ಬಿಟ್ಟ ಕೂಡಲೇ ತಳ ಸೇರುತ್ತದೆ, 0.002 ಮಿ.ಮೀ. ಗಾತ್ರದ ಜೇಡಿ ಕಣ 10 ಸೆಂ.ಮೀ. ಇಳಿಯಲು ಸುಮಾರು 8 ಗಂಟೆ ಹಿಡಿಯುತ್ತದೆ.

ಹಾಗಾದರೆ ನಿಮ್ಮಲ್ಲಿ ನೀರು ಎಲ್ಲಿ ಕೈಯಾಡಿಸುತ್ತಿದೆ? ಮೊದಲ ಅನುಮಾನ ಫ್ರೀಜರ್ ಮೇಲೆ. ಗಡ್ಡೆಯನ್ನು ಕರಗಿಸುವ ಮೊದಲು ಪಕ್ಕದಿಂದ ನೋಡಿ. ಜಲ್ಲಿ ಆಗಲೇ ತಳದಲ್ಲಿ ಕೂತಿದ್ದರೆ ಪದರ ಹುಟ್ಟಿದ್ದು ಅಲ್ಲೇ. ನೀರು ಕಡಿಮೆ ಮಾಡಿ, ಪುಡಿ ಐಸ್ ಜಾಸ್ತಿ ಹಾಕಿ ಗಟ್ಟಿಯಾಗಿ ಕಲಸಿ. ತೆಳ್ಳಗೆ ಹಾಕಿ, ಅದು ಗಟ್ಟಿಯಾದ ಮೇಲೆ ಇನ್ನೊಂದು ಸುತ್ತು ಹಾಕಿ. ಎರಡನೆಯದು ಟ್ರೇಯ ಕೆಳ ಅಂಚು. ಅಲ್ಲಿ ಕರಗಿದ ನೀರು ನಿಂತರೆ ಅದೊಂದು ಪುಟ್ಟ ಕೆರೆ. ತೂತು ಕೊರೆದು, ಬಟ್ಟೆ ಹಾಸಿ ನೀರು ಹೋಗಲು ಬಿಡಿ.

ದಿಬ್ಬದ ವಿಷಯ ಬೇರೆ. ಹಿಮನದಿಯ ಮೂತಿ, ಅಂದರೆ ಮುಂದಿನ ತುದಿ, ನಿಂತಲ್ಲೇ ನಿಂತಿದ್ದರೂ ಒಳಗಿನ ಹಿಮ ಮುಂದಕ್ಕೆ ಹರಿಯುತ್ತಲೇ ಇರುತ್ತದೆ. ಬರುವಷ್ಟೇ ಹಿಮ ಕರಗುತ್ತಿದ್ದರೆ ಮೂತಿ ಅಲ್ಲಾಡುವುದಿಲ್ಲ, ಹೊರೆಯೆಲ್ಲ ಒಂದೇ ಜಾಗದಲ್ಲಿ ಬೀಳುತ್ತಾ ಹೋಗುತ್ತದೆ. ತುದಿಯ ಮೊರೇನ್ ಹೀಗೇ ಏಳುವುದು. ಹಿಂದೆ ಸರಿಯುವಾಗ ನಡುನಡುವೆ ತಂಗಿದರೆ ಅಲ್ಲೂ ಒಂದೊಂದು ದಿಬ್ಬ. ನಿಮ್ಮ ಗಡ್ಡೆ ಇದ್ದಲ್ಲೇ ಪೂರ್ತಿ ಕರಗುತ್ತಿದೆ, ಹಾಗಾಗಿ ಹಾಸು ಮಾತ್ರ ಉಳಿಯುತ್ತದೆ. ತನ್ನ ಭಾರಕ್ಕೆ ತಾನೇ ಹರಿಯಲು ಹಿಮ ಹತ್ತಾರು ಮೀಟರ್ ದಪ್ಪ ಇರಬೇಕು, ಟ್ರೇಯಲ್ಲಿ ಅದು ಆಗದ ಮಾತು. ಹಿಂಭಾಗಕ್ಕೆ ಥರ್ಮೋಕೋಲ್ ಮುಚ್ಚಿ, ಮೂತಿಗೆ ಬಲ್ಬಿನ ಶಾಖ ಕೊಡಿ. ಕರಗಿದಷ್ಟೇ ಹಿಂದಿನಿಂದ ಮೆಲ್ಲಗೆ ತಳ್ಳುತ್ತಾ ಬನ್ನಿ.

ಇನ್ನೊಂದು ಉತ್ತರ:
ಮೇಲಿನದ್ದು ಸರಿ. ಆದರೆ ಪದರ ಕಂಡ ಕೂಡಲೇ ಮಾದರಿ ಕೆಟ್ಟಿತು ಅಂತ ಎಸೆಯಬೇಡಿ. ನಿಜವಾದ ಮೊರೇನ್ ಸೀಳಿದರೂ ಬರೀ ಟಿಲ್ ಸಿಗುವುದು ಅಪರೂಪ. ಹಿಮದ ಅಡಿಯಲ್ಲಿ ಅರೆದು ಒತ್ತಿದ ಟಿಲ್ ತುಂಬಾ ಗಟ್ಟಿ. ಅದರ ಕಲ್ಲುಗಳಲ್ಲಿ ಉಜ್ಜಿದ ಗೀರು ಕಾಣುತ್ತದೆ, ಉದ್ದ ಕಲ್ಲುಗಳು ಹೆಚ್ಚಾಗಿ ಹಿಮ ಹರಿದ ದಿಕ್ಕಿಗೇ ಮಲಗಿರುತ್ತವೆ. ನಿಂತ ಹಿಮ ಕರಗಿ ಇಳಿದ ಟಿಲ್ ಅಷ್ಟು ಬಿಗಿ ಇರುವುದಿಲ್ಲ. ದಿಬ್ಬದ ಹೊರಗೆ ಕರಗುನೀರು ಹಾಸಿದ ಮರಳು, ಜಲ್ಲಿ ಪದರ ಪದರವಾಗಿ ಇರುತ್ತವೆ. ಹಿಮನದಿ ಮತ್ತೆ ಮುಂದೆ ಬಂದು ಅವನ್ನು ನೂಕಿದರೆ ಅವೇ ಪದರಗಳು ಮಡಚಿ, ಓರೆಯಾಗಿ ದಿಬ್ಬದೊಳಗೆ ಸೇರುತ್ತವೆ.

ಮುಂದೆ ಕೆರೆ ಇದ್ದರೆ ಇನ್ನೂ ಮಜಾ. ಬೇಸಿಗೆಯಲ್ಲಿ ನೀರು ತಂದ ಹೂಳು ಮೊದಲು ಕೂರುತ್ತದೆ. ಚಳಿಗಾಲದಲ್ಲಿ ಕೆರೆಯ ಮೇಲೆ ಹಿಮ ಕಟ್ಟಿ ನೀರು ಅಲ್ಲಾಡದಿದ್ದಾಗ ಜೇಡಿ ಇಳಿಯುತ್ತದೆ. ವರ್ಷಕ್ಕೆ ಒಂದು ಜೋಡಿ, ಹೆಸರು ವಾರ್ವ್. ಸ್ವೀಡನ್‌ನ ಭೂವಿಜ್ಞಾನಿ ಗೆರಾರ್ಡ್ ಡಿ ಗೀರ್ ಈ ಜೋಡಿಗಳನ್ನು ಎಣಿಸಿಯೇ ಅಲ್ಲಿ ಹಿಮ ಹಿಂದೆ ಸರಿದ ಕಾಲ ಲೆಕ್ಕ ಹಾಕಿದರು. ನಿಮ್ಮ ಹಳೆಯ ಹಾಸು ಮೊರೇನ್‌ಗಿಂತ ಇಂಥ ಕೆರೆಯ ತಳಕ್ಕೇ ಹತ್ತಿರ.

ಪ್ರಶ್ನೆ ಕೇಳಿದವರು:
ಪುಡಿ ಐಸ್ ಕೆಲಸ ಮಾಡಿತು, ತಳ್ಳುತ್ತಾ ಹೋದಂತೆ ದಿಬ್ಬವೂ ಎದ್ದಿತು. ಈಗ ಎರಡು ತಕರಾರು. ಬದಿಯಲ್ಲಿ ಸ್ವಲ್ಪ ಕೆರೆದು ನೋಡಿದೆ, ಬೆರಕೆ ಮಣ್ಣಿನ ನಡುವೆ ಬೆರಳಗಲದ ಶುದ್ಧ ಮರಳಿನ ಪಟ್ಟಿ ಇದೆ. ಮತ್ತೆ ದಿಬ್ಬದ ನೆತ್ತಿ ನಿಧಾನಕ್ಕೆ ಕುಸಿಯುತ್ತಿದೆ.

ಮೊದಲ ಉತ್ತರ ಕೊಟ್ಟವರು:
ಮರಳಿನ ಪಟ್ಟಿ ಹಿಮದ ಸಂದಿಯಲ್ಲಿ ನೀರು ಹರಿದ ದಾರಿ. ನಿಜವಾದ ಟಿಲ್‌ನಲ್ಲೂ ಹೀಗೇ ಸಿಗುತ್ತದೆ, ಇರಲಿ ಬಿಡಿ. ಕುಸಿತ ನೋಡಿದರೆ ಒಳಗೆ ಐಸ್ ತುಂಡು ಹೂತು ಉಳಿದಿರುವಂತಿದೆ. ಮೇಲಿನ ಮಣ್ಣೇ ಹೊದಿಕೆಯಾಗಿ ಅದು ತಡವಾಗಿ ಕರಗುತ್ತದೆ. ಹಿಮನದಿಗಳ ಮುಂದೆ ಹೀಗೆ ಹೂತ ಹಿಮ ಕರಗಿದ ಕಡೆ ಗುಂಡಿ ಬಿದ್ದು ಹೊಂಡವಾಗುತ್ತದೆ. ಕುಸಿತ ನಿಲ್ಲುವವರೆಗೆ ಕೊಯ್ಯಬೇಡಿ. ಪೂರ್ತಿ ಒಣಗಲೂ ಬಿಡಬೇಡಿ, ಮರಳು ಉದುರುತ್ತದೆ. ತೇವ ಇರುವಾಗಲೇ ತೆಳು ತಗಡಿನಿಂದ, ನೀವು ತಳ್ಳಿದ ದಿಕ್ಕಿನ ಉದ್ದಕ್ಕೆ ಕೊಯ್ಯಿರಿ. ಅಡ್ಡ ಕೊಯ್ದರೆ ಕಲ್ಲುಗಳು ಯಾವ ಕಡೆ ಮಲಗಿವೆ ಅನ್ನುವುದು ತಿಳಿಯುವುದಿಲ್ಲ.